ಮಕ್ತಲ್ ಶಿವಗಂಗಾಳ ಅಳತೆ ಕಾರ್ಡು

ಮಕ್ತಲ್ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಅವುಗಳಲ್ಲಿ ಶಿವಗಂಗಾಳದು ಯಾವುದೆಂದು ಕೇಳಿದರೆ ಚಹಾದ ಜಂಬಪ್ಪ ಬೋರ್ಡಿನ ಕಡೆ ಕೈ ತೋರಿಸುವುದಿಲ್ಲ. ‘ಅದೇರೀ, ಕದ್ದ ಮಾಲು ಇಲ್ಲದ ಅಂಗಡಿ’ ಅನ್ನುತ್ತಾನೆ, ಅಂದು ನಗುತ್ತಾನೆ. ನಗಲಿ ಬಿಡಿ. ಹಾಗೆ ಹೇಳುವುದನ್ನು ಅವನಿಗೆ ಕಲಿಸಿದವಳು ಶಿವಗಂಗಾಳೇ. ನಾಲ್ಕು ಜನ ಕೇಳುವಂತೆ ತನ್ನ ಹೆಗ್ಗಳಿಕೆಯನ್ನು ತಾನೇ ಹೇಳಿಕೊಳ್ಳಲು ಅವಳಿಗೆ ಯಾವ ಸಂಕೋಚವೂ ಇಲ್ಲ. ಹೇಳಿಕೊಳ್ಳುವಂಥದ್ದು ಇದ್ದ ಮೇಲೆ ಯಾಕಿರಬೇಕು?

ಅವಳ ತಂದೆ ಅಯ್ಯಣ್ಣನವರು ಕಾಳಿನ ವ್ಯಾಪಾರ ಮಾಡಿದವರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಗಲ್ಲಾದ ಮೇಲೆ ಕೂತರೆ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಉಸಿರು ಸಹ ಬಿಡುತ್ತಿರಲಿಲ್ಲವಂತೆ. ‘ಕಾಯಕದಾಗ ಕಳ್ಳತನ ಬಂತಂದ್ರ ಮನ್ಯಾಗಿನ ಅನ್ನ ಪ್ರಸಾದ ಹೆಂಗ ಆದೀತು?’ ಎಂಬುದು ಅವರ ಮಾತು. ಮಗಳು ಕಾಳು ತೂಗಲಿಲ್ಲ, ಅಕ್ಷರ ಜೋಡಿಸುವುದನ್ನು ಹಿಡಿದಳು. ಮದುವೆ ಪತ್ರಿಕೆ, ಲೆಟರ್‌ಪ್ಯಾಡು, ಅಂಗಡಿ ಬೋರ್ಡು ಎಲ್ಲಾ ಅವಳಲ್ಲಿ ಆಗುತ್ತದೆ. ತೆಲುಗೂ ಬರೆಯುತ್ತಾಳೆ, ಕನ್ನಡವೂ ಬರೆಯುತ್ತಾಳೆ. ಈ ಸೀಮೆಯಲ್ಲಿ ಕನ್ನಡದಲ್ಲಿ ಪತ್ರಿಕೆ ಬೇಕೆಂದರೆ ಜನ ರಾಯಚೂರಿನ ಬಸ್ಸು ಹತ್ತುತ್ತಿದ್ದರು. ಆ ಬಸ್ಸಿನಿಂದ ಅವರನ್ನು ಇಳಿಸಿದವಳು ಶಿವಗಂಗಾ.

ಮೊದಲಿಗೆ ಅವಳ ಅಂಗಡಿಯೂ ಎಲ್ಲರ ಅಂಗಡಿಯ ಹಾಗೆಯೇ ಇತ್ತು. ಯಾರೋ ಕಾಪಿ ಮಾಡಿ ಕೊಟ್ಟ ತಂತ್ರಾಂಶ ಕಂಪ್ಯೂಟರಿನಲ್ಲಿ ಕೂತಿತ್ತು, ಕೆಲಸ ನಡೆಯುತ್ತಿತ್ತು. ಅಷ್ಟರಲ್ಲಿ ತೆಲಂಗಾಣ ರಾಜ್ಯ ಬಂತು. ಊರಿಗೆ ಊರೇ ಬೋರ್ಡು ಬದಲಿಸಲು ಹೊರಟಿತು. ಆಂಧ್ರ ಎಂದಿದ್ದಲ್ಲಿ ತೆಲಂಗಾಣ ಎಂದು ಬರೆಸಲು ಜನ ಮುಗಿಬಿದ್ದ ಆ ಸುಗ್ಗಿಯಲ್ಲೇ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಹೊಕ್ಕು ಅವಳ ಯಂತ್ರದಲ್ಲಿದ್ದುದನ್ನೆಲ್ಲ ನುಂಗಿ ಹಾಕಿತು. ರಿಪೇರಿಯವನು ಇನ್ನೊಂದು ಕಾಪಿ ತಂದ. ‘ಇದೂ ಕದ್ದದ್ದೇ ಏನು?’ ಎಂದು ಕೇಳಿದಳು. ‘ಎಲ್ಲಾರೂ ಹಂಗೇ ಮಾಡ್ತಾರ’ ಅಂದ. ಶಿವಗಂಗಾಳ ಮುಂದೆ ‘ಎಲ್ಲಾರೂ’ ಎಂಬ ಮಾತು ಆಡಬಾರದು. ಅವನನ್ನು ಅಲ್ಲಿಂದಲೇ ವಾಪಸ್ ಕಳಿಸಿದಳು.

ಕನ್ನಡ ಮಾಧ್ಯಮ ಶಾಲೆಯ ಮೇಷ್ಟ್ರು ಸಿದ್ದರಾಮೇಶ ಅವಳಿಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟರು. ಹಂಚಿಕೊಂಡರೆ ಕಳ್ಳತನವಲ್ಲದ ಮಾಲು ಇದು ಎಂದು ತಿಳಿದಾಗ ಅವಳು ಆ ಡಿಸ್ಕನ್ನು ಕಣ್ಣಿಗೊತ್ತಿಕೊಂಡಳು. ಆದರೆ ಲಿನಕ್ಸಿನಲ್ಲಿ ತಂತ್ರಾಂಶ ಹಾಕಿಕೊಳ್ಳಲು ಒಂದೇ ದಾರಿಯಲ್ಲ, ಹಲವು ದಾರಿ. ಲಿನಕ್ಸ್ ಕೊಟ್ಟವರೇ ಇಟ್ಟಿರುವ ತಂತ್ರಾಂಶಗಳ ಉಗ್ರಾಣ ಒಂದು ಇರುತ್ತದೆ. ಅಲ್ಲಿಂದ ತಂದದ್ದು ಸೋಸಿದ್ದು, ನಂಬಬಹುದಾದದ್ದು, ಆದರೆ ತುಸು ಹಳೆಯದು. ಹೊಸದು ಬೇಕಾದರೆ ಯಾರೋ ಹೊರಗಿನವರು ನಡೆಸುವ ಉಗ್ರಾಣವನ್ನು ಯಂತ್ರಕ್ಕೆ ಗುರುತು ಹೇಳಿಕೊಡಬೇಕು. ಶಿವಗಂಗಾ ಒಮ್ಮೆ ಹಾಗೆ ಮಾಡಿದ್ದಕ್ಕೆ, ಮುಂದಿನ ಅಪ್‌ಡೇಟಿನಲ್ಲಿ ಕೇಳದ ಸಾಮಾನುಗಳೆಲ್ಲ ಒಳಗೆ ಬಂದು, ಯುಗಾದಿಯ ಹೊತ್ತಿಗೆ ಪ್ರಿಂಟರು ಮಾತು ಕೇಳುವುದನ್ನೇ ಬಿಟ್ಟಿತ್ತು. ಇನ್ನೊಂದು ದಾರಿ ಮೂಲ ಕೋಡ್ ತಂದು ನಾವೇ ಕಟ್ಟಿಕೊಳ್ಳುವುದು. ಅದನ್ನೂ ನೋಡಿದಳು. ಒಂದನ್ನು ಹಾಕು ಅಂದರೆ ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೊಂದು. ಲಂಗೋಟಿ ಉಳಿಸಿಕೊಳ್ಳಲು ಹೋಗಿ ಬೆಕ್ಕು, ಹಸು, ಹೆಂಡತಿ ಎಂದು ಸಂಸಾರ ಹೂಡಿದ ಸನ್ಯಾಸಿಯ ಪಾಡು. ಕೊನೆಯ ದಾರಿ ಆ್ಯಪ್‌ಇಮೇಜ್. ಬೇಕಾದ ಸಾಮಾನನ್ನೆಲ್ಲ ಒಂದೇ ಫೈಲಿನಲ್ಲಿ ಗಂಟು ಕಟ್ಟಿಟ್ಟಿರುತ್ತಾರೆ. ಇಳಿಸಿಕೊಂಡು, ನಡೆಯಲು ಅನುಮತಿ ಕೊಟ್ಟು, ಓಡಿಸಿದರೆ ಆಯಿತು. ಇದನ್ನು ಅವಳು ಮುಟ್ಟಿಯೇ ಇರಲಿಲ್ಲ. ಬೀದಿಯಲ್ಲಿ ಸಿಕ್ಕ ಗಂಟನ್ನು ಯಾರಾದರೂ ಮನೆಯೊಳಗೆ ತರುತ್ತಾರೆಯೇ ಎಂಬುದು ಅವಳ ವಾದ. ಉಗ್ರಾಣದ್ದು ಬಿಟ್ಟು ಬೇರೆ ಏನನ್ನೂ ಹಾಕುವುದಿಲ್ಲವೆಂದು ತೀರ್ಮಾನಿಸಿಬಿಟ್ಟಳು.

ಆ ಹಟಕ್ಕೆ ಅವಳು ದಿನವೂ ಸುಂಕ ಕಟ್ಟುತ್ತಿದ್ದಳು. ಉಗ್ರಾಣದಲ್ಲಿದ್ದ ಪುಟ ಜೋಡಿಸುವ ತಂತ್ರಾಂಶ ಹಳೆಯದು. ಅದಕ್ಕೆ ನಮ್ಮ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ‘ಪ್ರಸನ್ನ’ ಎಂದು ಬರೆದರೆ ‘ಪ್‌ರಸನ್‌ನ’ ಎಂದು ಕೈಕಾಲು ಕಳಚಿ ಬೀಳುತ್ತಿತ್ತು. ತೆಲುಗಿನ ಗತಿಯೂ ಅದೇ. ಹಾಗಾಗಿ ಅವಳು ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಮೊದಲು ಆ ಮುರುಕು ಅಕ್ಷರದಲ್ಲೇ ಒಂದು ಕಾರ್ಡು ತೆಗೆದು ಅಂಚು, ಮಡಿಕೆ, ದೇವರ ಚಿತ್ರ ಸರಿಯಾಗಿ ಕೂತಿವೆಯೇ ನೋಡುವುದು. ಇದಕ್ಕೆ ಅಳತೆ ಕಾರ್ಡು ಎಂದು ಹೆಸರು. ಅಳತೆ ಸರಿಹೋದ ಮೇಲೆ ಚಿತ್ರ ಬಿಡಿಸುವ ಬೇರೆ ತಂತ್ರಾಂಶದಲ್ಲಿ ಒಂದೊಂದೇ ಸಾಲನ್ನು ಹೊಸದಾಗಿ ಬರೆದು, ಎತ್ತಿ ತಂದು, ಕಾರ್ಡಿನ ಮೇಲೆ ಕೂರಿಸುವುದು. ಕತ್ತೆ ಚಾಕರಿ, ಆದರೆ ಕದ್ದದ್ದಲ್ಲ.

ನಾರಾಯಣಪೇಟೆ ಜಿಲ್ಲೆಯಾದ ವರ್ಷದ ಬೇಸಿಗೆ ಅದು. ಮತ್ತೆ ಬೋರ್ಡುಗಳ ಸುಗ್ಗಿ. ಹಳೆಯ ಮಹಬೂಬ್‌ನಗರ ಜಿಲ್ಲೆ ಅಳಿಸಿ ನಾರಾಯಣಪೇಟೆ ಜಿಲ್ಲೆ ಬರೆಸಲು ಅಂಗಡಿಯ ತುಂಬ ಜನ. ಆ ಗದ್ದಲದಲ್ಲಿ ಮಾಳಿಂಗಪ್ಪ ಬಂದ. ಪಕ್ಕದ ಹಳ್ಳಿಯ ಕುರಿಯ ಯಜಮಾನ, ಮೈಲಾರನ ಒಕ್ಕಲು. ಮಗಳು ಅಖಿಲಾಳನ್ನು ಗದ್ವಾಲಿನ ಬಾಲರಾಜನಿಗೆ ಕೊಟ್ಟು ವೈಶಾಖದಲ್ಲಿ ಮದುವೆ. ಬೀಗರದು ತೆಲುಗು ಓದುವ ಮನೆ, ಆದ್ದರಿಂದ ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ತೆಲುಗು ಇರುವ ಪತ್ರಿಕೆಯನ್ನು ಅವನು ಶಿವಗಂಗಾಳಿಗೆ ಒಪ್ಪಿಸಿದ್ದ. ಅವಳು ಆ ಬೆಳಿಗ್ಗೆ ಅಳತೆ ಕಾರ್ಡು ತೆಗೆದು ಮೇಜಿನ ಮೇಲಿಟ್ಟಿದ್ದಳು. ಬಂಗಾರದ ಅಂಚಿನ ಅಸಲಿ ಕಾರ್ಡು, ಮೇಲೆ ಮೈಲಾರಲಿಂಗನ ಚಿತ್ರ.

‘ಒಂದು ತಗೊಂಡು ಹೋಗ್ತೀನಿ ತಾಯಿ’ ಅಂದ ಮಾಳಿಂಗಪ್ಪ.

ಬೋರ್ಡಿನವರ ಜೊತೆ ಜಗಳಕ್ಕಿಳಿದಿದ್ದ ಶಿವಗಂಗಾ ತಲೆ ಎತ್ತದೆ ‘ಹ್ಞೂಂ ಕಾಕಾ’ ಅಂದಳು. ಅವನು ಯಾವುದನ್ನು ತೆಗೆದುಕೊಂಡನೆಂದು ಅವಳು ನೋಡಲಿಲ್ಲ. ಅವನಿಗೆ ಓದು ಬಾರದು. ದೇವರ ಚಿತ್ರ ಇತ್ತು, ಬಂಗಾರದ ಅಂಚು ಇತ್ತು, ಅವನಿಗೆ ಅಷ್ಟು ಸಾಕಾಗಿತ್ತು. ಅಂದು ಭಾನುವಾರ, ಮೈಲಾರನ ವಾರ. ಅಂಗಡಿಯಿಂದ ನೇರವಾಗಿ ಗುಡಿಗೆ ಹೋಗಿ, ಮೊದಲ ಪತ್ರಿಕೆ ಸ್ವಾಮಿಗೆ ಎಂದು ಕಾರ್ಡನ್ನು ಮುಂದಿಟ್ಟ. ಪೂಜಾರಿ ಆಶಪ್ಪ ಅದರ ನಾಲ್ಕು ಮೂಲೆಗೂ ಭಂಡಾರ ಎಂದು ಇವರು ಕರೆಯುವ ಅರಿಶಿನ ಪುಡಿ ಹಚ್ಚಿ, ‘ಏಳುಕೋಟಿಗೆ’ ಎಂದು ಮೈಲಾರನ ಜಯಘೋಷ ಕೂಗಿದ.

ಮಧ್ಯಾಹ್ನ ಅಖಿಲಾ ಓಡಿ ಬಂದಳು. ಗುಡಿಯಲ್ಲಿ ಕಾರ್ಡು ನೋಡಿ ಬಂದಿದ್ದಳು.

‘ಅಕ್ಕಾ, ನನ್ನ ಹೆಸರೇ ಓದಾಕ ಬರವಲ್ದು. ಅಪ್ಪ ಅದನ್ನ ದೇವರಿಗೆ ಕೊಟ್ಟು ಬಂದಾನ!’

ಶಿವಗಂಗಾ ಹಣೆ ಹಣೆ ಬಡಿದುಕೊಂಡಳು. ಆಮೇಲೆ ಸುಧಾರಿಸಿಕೊಂಡು, ‘ಹೋಗಲಿ ಬಿಡವಾ, ಅದು ಅಳತೆ ಕಾರ್ಡು. ಹೊಸಾದು ಬರೆದು ಕೊಡ್ತೀನಿ’ ಅಂದಳು.

‘ಹೊಸಾದು ಬರಿಯಂಗಿಲ್ಲಕ್ಕಾ. ಅದೇ ಫಜೀತಿ ಐತಿ.’

ಆ ಮನೆತನದ ಕಟ್ಟು ಅದು. ಭಂಡಾರ ಬಿದ್ದ ಪತ್ರಿಕೆಯಲ್ಲಿ ಒಂದಕ್ಷರ ತೆಗೆಯುವಂತಿಲ್ಲ, ಒಂದಕ್ಷರ ಹಾಕುವಂತಿಲ್ಲ. ಸ್ವಾಮಿ ಓದಿದ್ದು ಒಂದು, ಬಂಧುಗಳು ಓದಿದ್ದು ಇನ್ನೊಂದು ಎಂದಾಗಬಾರದು. ಹೊಸದಾಗಿ ಬರೆಸಿದರೆ ಹೊಸ ಲಗ್ನ ನೋಡಬೇಕು, ಹೊಸ ಲಗ್ನ ಆಷಾಢ ದಾಟಿದ ಮೇಲೆಯೇ. ಇಲ್ಲವೇ ಆ ಕೈಕಾಲು ಮುರಿದ ಅಕ್ಷರಗಳ ಪತ್ರಿಕೆಯನ್ನೇ ಹಂಚಬೇಕು. ಗದ್ವಾಲಿನ ಬೀಗರ ಕೈಗೆ ಅಂಥ ಪತ್ರಿಕೆ ಇಟ್ಟರೆ ಮಾಳಿಂಗಪ್ಪನ ಮಾನ ಹೋಗುತ್ತದೆ, ಅಖಿಲಾ ಆ ಮನೆಗೆ ಕಾಲಿಡುವ ಮೊದಲೇ ನಗೆಪಾಟಲಾಗುತ್ತಾಳೆ. ಮಕ್ತಲ್‌ನಲ್ಲಿ ಕನ್ನಡ ಬರೆಯುವವಳೊಬ್ಬಳಿದ್ದಾಳೆ ಎಂಬ ಮಾತೂ ಅಲ್ಲಿಗೆ ಮುಗಿಯುತ್ತದೆ.

ಇದೆಲ್ಲ ಗದ್ವಾಲಿನಲ್ಲಿ ಇದೇ ಕೆಲಸ ಮಾಡುವ ನರಸಿಂಹುಲುವಿಗೆ ತಿಳಿದು ಅವನೇ ಫೋನು ಮಾಡಿದ. ಒಳ್ಳೆಯ ಮನುಷ್ಯ. ‘ಗಿಂತ ತಿಪ್ಪಲು ಎಂದುಕಕ್ಕಾ?’ ಎಂದು ಮರುಗಿದ. ಇಷ್ಟು ಕಷ್ಟ ಯಾಕೆ, ತನ್ನಲ್ಲಿರುವ ತಂತ್ರಾಂಶದ ಕಾಪಿ ಕಳಿಸುತ್ತೇನೆ, ಹಾಕಿಕೊಂಡು ಹೊಸದಾಗಿ ಟೈಪು ಮಾಡಿಬಿಡು, ಯಾರಿಗೆ ಗೊತ್ತಾಗುತ್ತದೆ ಅಂದ.

‘ನನಗ ಗೊತ್ತಾಗತೈತಲ್ಲೋ ತಮ್ಮಾ’ ಅಂದು ಶಿವಗಂಗಾ ಫೋನಿಟ್ಟಳು. ಕದ್ದ ಮಾಲು ಬೇಡ ಎಂಬುದು ಹಳೆಯ ಮಾತು. ದೇವರಿಗೆ ಕೊಟ್ಟ ಅಕ್ಷರವನ್ನು ಕದ್ದು ಬದಲಿಸಿ ಅದೇ ಎಂದು ಹೇಳುವುದು ಅದಕ್ಕಿಂತ ದೊಡ್ಡ ಕಳ್ಳತನ ಎನಿಸಿತು ಅವಳಿಗೆ.

ಅವಳು ಕೂತು ಯೋಚಿಸಿದಳು. ಫೈಲಿನ ಒಳಗೆ ಅಕ್ಷರಗಳು ಸರಿಯಾಗಿಯೇ ಇದ್ದವು. ಅವು ಮುರಿದಿರಲಿಲ್ಲ, ತೋರಿಸುವ ತಂತ್ರಾಂಶಕ್ಕೆ ಅವನ್ನು ಕೂಡಿಸಿ ತೋರಿಸಲು ಬರುತ್ತಿರಲಿಲ್ಲ ಅಷ್ಟೆ. ಕೂಡಿಸಲು ಕಲಿತ ಹೊಸ ಆವೃತ್ತಿ ಬಂದಿದೆಯೆಂದು ಅವಳು ಓದಿದ್ದಳು. ಅದರಲ್ಲಿ ಇದೇ ಫೈಲು ತೆರೆದರೆ? ಒಂದಕ್ಷರ ಮುಟ್ಟದೆ ಪತ್ರಿಕೆ ಸರಿಹೋಗುತ್ತದೆ. ಆದರೆ ತಾನು ಮುಟ್ಟಿಲ್ಲವೆಂದು ಪೂಜಾರಿಗೆ ಕಾಣಿಸಿಕೊಡಬೇಕಲ್ಲ. ಹಳೆಯದರಲ್ಲಿ ಹೇಗಿದೆ, ಹೊಸದರಲ್ಲಿ ಹೇಗಿದೆ ಎಂದು ಎರಡನ್ನೂ ಅಕ್ಕಪಕ್ಕ ತೆರೆದು ತೋರಿಸಬೇಕು. ಹೊರಗಿನ ಉಗ್ರಾಣದಿಂದ ತಂದರೆ ಹೊಸದು ಹಳೆಯದನ್ನು ಎಬ್ಬಿಸಿ ಅದರ ಜಾಗದಲ್ಲೇ ಕೂರುತ್ತದೆ. ಆಮೇಲೆ ತೋರಿಸಲು ಹಳೆಯದೇ ಇರುವುದಿಲ್ಲ, ಪ್ರಿಂಟರಿನ ಭಯ ಬೇರೆ. ಮೂಲದಿಂದ ಕಟ್ಟಲು ಹೋದರೆ ಸನ್ಯಾಸಿಯ ಸಂಸಾರ ಮುಗಿಯುವುದರೊಳಗೆ ಅಖಿಲಾಳ ಲಗ್ನದ ದಿನ ದಾಟಿರುತ್ತದೆ.

ಉಳಿದದ್ದು ಆ ಗಂಟು. ತಾನು ಬೀದಿಯದ್ದು ಎಂದು ಹಳಿದಿದ್ದ ಆ್ಯಪ್‌ಇಮೇಜ್.

ಅವಳ ತಂದೆಯ ಹೊಲದಲ್ಲಿ ಬೇಸಿಗೆಗೆ ಕುರಿಯವರು ಮಂದೆ ಕೂರಿಸುತ್ತಿದ್ದರು. ತಮ್ಮ ಹಿಟ್ಟು, ತಮ್ಮ ಗಡಿಗೆ, ತಮ್ಮ ಕಂಬಳಿ ಎಲ್ಲ ತಾವೇ ತರುತ್ತಿದ್ದರು. ಮನೆಯಿಂದ ಒಂದು ಚಮಚೆ ಉಪ್ಪೂ ಕೇಳುತ್ತಿರಲಿಲ್ಲ, ಹೊಲದ ಬದುವಿನ ಒಂದು ಕಲ್ಲನ್ನೂ ಸರಿಸುತ್ತಿರಲಿಲ್ಲ. ಎದ್ದು ಹೋದಾಗ ಅಲ್ಲಿ ಗೊಬ್ಬರ ಉಳಿದಿರುತ್ತಿತ್ತು. ಅಯ್ಯಣ್ಣನವರು ಅವರನ್ನು ಕೈಮುಗಿದು ಕರೆಯುತ್ತಿದ್ದರು, ಆದರೆ ಯಾವ ಊರಿನವರು, ಯಾರ ಮಂದೆ ಎಂದು ವಿಚಾರಿಸಿಯೇ ಕರೆಯುತ್ತಿದ್ದರು. ಈ ಗಂಟೂ ಹಾಗೆಯೇ, ಯಂತ್ರದಲ್ಲಿದ್ದ ಹಳೆಯದನ್ನು ಕದಲಿಸದೆ ಪಕ್ಕದಲ್ಲಿ ಓಡುವಂಥದ್ದು. ಶಿವಗಂಗಾಳೂ ವಿಚಾರಿಸಿದಳು. ತಂತ್ರಾಂಶ ಬರೆದವರ ಸ್ವಂತ ತಾಣದಿಂದಲೇ ಅದನ್ನು ಇಳಿಸಿಕೊಂಡಳು. ಅಂಗಡಿಯಲ್ಲಿ ಸಿಗ್ನಲ್ ಸಾಲದೆ ಮಾಳಿಗೆ ಹತ್ತಿ, ಬಿಸಿಲಲ್ಲಿ ಫೋನು ಹಿಡಿದು ಕೂತಳು. ಬಂದ ಫೈಲು ಅಸಲಿಯೇ ಎಂದು ಪರೀಕ್ಷಿಸಲು ಅವರು ಕೊಟ್ಟಿದ್ದ ಉದ್ದನೆಯ ಗುರುತಿನ ಸಂಖ್ಯೆಯನ್ನು ತನ್ನ ಯಂತ್ರ ತೆಗೆದ ಸಂಖ್ಯೆಯೊಂದಿಗೆ ಬೆರಳಿಟ್ಟು ತಾಳೆ ನೋಡಿದಳು. ಎರಡೂ ಕೂಡಿದ ಮೇಲೆಯೇ ನಡೆಯಲು ಅನುಮತಿ ಕೊಟ್ಟಳು. ಪತ್ರಿಕೆಯ ಫೈಲನ್ನು ಅದರಲ್ಲಿ ತೆರೆದು ನೋಡಬೇಕೆಂಬ ಆಸೆ ಕೈಯಲ್ಲಿ ತುರಿಸುತ್ತಿತ್ತು. ನೋಡಲಿಲ್ಲ. ತೆರೆಯುವುದಾದರೆ ಪೂಜಾರಿಯ ಮುಂದೆಯೇ ತೆರೆಯಬೇಕು, ಇವಳು ಮೊದಲೇ ಏನೋ ತಿದ್ದಿದಳೆಂಬ ಸಂಶಯ ಯಾರಿಗೂ ಬರಬಾರದು.

ಮರುದಿನ ಆಶಪ್ಪ, ಮಾಳಿಂಗಪ್ಪ, ಅಖಿಲಾ ಮೂವರೂ ಅಂಗಡಿಗೆ ಬಂದರು. ಆಶಪ್ಪ ಭಂಡಾರ ಬಿದ್ದ ಕಾರ್ಡನ್ನು ಹೊಸ ಟವಲಿನಲ್ಲಿ ಸುತ್ತಿ ತಂದಿದ್ದ. ಶಿವಗಂಗಾ ಮೊದಲು ಅವರೆದುರೇ ಪತ್ರಿಕೆಯ ಫೈಲಿಗೆ ಬೀಗ ಹಾಕಿದಳು, ಎಂದರೆ ಓದಬಹುದು, ತಿದ್ದಲು ಬಾರದಂತೆ ಮಾಡಿದಳು. ಹಳೆಯ ತಂತ್ರಾಂಶದಲ್ಲಿ ತೆರೆದು ತೋರಿಸಿದಳು. ದೇವರ ಕಾರ್ಡಿನಲ್ಲಿದ್ದ ಮುರುಕು ಅಕ್ಷರಗಳೇ ಪರದೆಯ ಮೇಲೂ ಇದ್ದವು. ಆಮೇಲೆ ಅದರ ಪಕ್ಕದಲ್ಲೇ ಹೊಸದನ್ನು ಓಡಿಸಿ ಅದಕ್ಕೂ ಅದೇ ಫೈಲನ್ನು ತೆರೆಯಲು ಹೇಳಿದಳು.

ಪತ್ರಿಕೆ ಬರುವ ಮೊದಲು ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಅಖಿಲಾ ಓದಿ ಹೇಳಿದಳು: ಇದು ಹಳೆಯ ಫೈಲು, ಇಲ್ಲಿ ಉಳಿಸಿದರೆ ಹೊಸ ಬಗೆಗೆ ಬದಲಾಗುತ್ತದೆ.

‘ಬದಲಾಗತೈತಾ?’ ಆಶಪ್ಪ ಹುಬ್ಬೇರಿಸಿದ. ‘ಮತ್ತ ಬದಲಿಲ್ಲ ಅಂದೆಲ್ಲಮ್ಮಾ?’

‘ಉಳಿಸಿದ್ರ ಬದಲಾಗತೈತಿ ಮುತ್ಯಾ. ನಾ ಉಳಸಂಗಿಲ್ಲ. ಬರೇ ತೋರಸ್ತೀನಿ, ತೋರಿಸಿದ್ದನ್ನ ಛಾಪಿಸ್ತೀನಿ. ಬೀಗ ನಿಮ್ಮ ಮುಂದಽ ಹಾಕೀನಿ.’

ಪತ್ರಿಕೆ ತೆರೆಯಿತು. ‘ಶ್ರೀ ಮೈಲಾರಲಿಂಗೇಶ್ವರ ಪ್ರಸನ್ನ.’ ಪ್ರತಿ ಒತ್ತೂ ತನ್ನ ಅಕ್ಷರದ ಮಡಿಲಲ್ಲಿ ಕೂತಿತ್ತು. ತೆಲುಗಿನ ಮಗ್ಗುಲೂ ಹಾಗೆಯೇ. ಅಖಿಲಾ ತನ್ನ ಹೆಸರನ್ನು ಜೋರಾಗಿ ಓದಿ ನಾಚಿಕೊಂಡು ನಿಲ್ಲಿಸಿದಳು. ಇಷ್ಟು ವರ್ಷ ಶಿವಗಂಗಾ ಒಂದೊಂದೇ ಸಾಲು ಹೊತ್ತು ಕೂರಿಸಿದ ಅಕ್ಷರಗಳು ಈಗ ತಾವಾಗಿಯೇ ಎದ್ದು ನಿಂತಿದ್ದವು.

ಆಶಪ್ಪ ಮಾತ್ರ ಕರಗಲಿಲ್ಲ. ‘ಭಾಳ ಚೆಂದ ಆಗೇತಿ. ಅದಕ್ಕಽ ಸಂಶಯ ನನಗ. ಹೊಸಾದು ಬರೆದಿಟ್ಟು ತೋರಿಸಿದ್ರ ನಮಗೇನ್ ತಿಳೀತೈತಿ? ಇದು ಅದಽ ಅನ್ನಾಕ ಏನ್ ಗುರುತು?’

ಮಾಳಿಂಗಪ್ಪ ಕಂಬಳಿಯ ಅಂಚು ಹಿಚುಕುತ್ತ ನಿಂತ. ಅಖಿಲಾ ಮಾತ್ರ ಎರಡೂ ಪತ್ರಿಕೆಗಳನ್ನು ಸಾಲು ಸಾಲಾಗಿ ಓದುತ್ತ ಹೋದವಳು, ವಿಳಾಸದ ಸಾಲಿಗೆ ಬಂದು ಥಟ್ಟನೆ ನಿಂತಳು.

‘ಅಕ್ಕಾ, ಇಲ್ಲಿ ಜಿಲ್ಲಾ ಮಹಬೂಬ್‌ನಗರ ಅಂತ ಐತಿ!’

ಶಿವಗಂಗಾ ಬಗ್ಗಿ ನೋಡಿದಳು. ಹೌದು. ಊರಿಗೆಲ್ಲ ನಾರಾಯಣಪೇಟೆ ಜಿಲ್ಲೆ ಎಂದು ಬೋರ್ಡು ಬರೆದುಕೊಟ್ಟವಳು, ವರ್ಷಗಟ್ಟಲೆ ರೂಢಿಯಾದ ಕೈಯಿಂದ ಪತ್ರಿಕೆಯಲ್ಲಿ ಹಳೆಯ ಜಿಲ್ಲೆಯನ್ನೇ ಬರೆದಿದ್ದಳು. ಭಂಡಾರ ಬಿದ್ದ ಕಾರ್ಡಿನಲ್ಲೂ ಮಹಬೂಬ್‌ನಗರ, ಪರದೆಯ ಮೇಲೂ ಮಹಬೂಬ್‌ನಗರ. ತಿದ್ದಲು ಕ್ಷಣ ಸಾಕು. ಇಂಥ ತಪ್ಪು ತನ್ನ ಅಂಗಡಿಯಿಂದ ಹೊರಗೆ ಹೋಗುವುದೆಂದರೆ ಅವಳ ಮೈ ಉರಿಯುತ್ತದೆ. ಆದರೂ ಅವಳ ಕೈ ಕೀಲಿಮಣೆಯ ಕಡೆ ಹೋಗಲಿಲ್ಲ.

‘ಗುರುತು ಕೇಳಿದ್ರೆಲ್ಲ ಮುತ್ಯಾ, ಇದಽ ನೋಡ್ರಿ ಗುರುತು’ ಅಂದಳು ಅವಳು, ತಲೆ ಎತ್ತಿ. ‘ಹೊಸಾದು ಬರೆದಿದ್ರ ಈ ತಪ್ಪು ಬಿಡ್ತಿದ್ದೆನೇನು ನಾನು? ಈ ಊರಾಗಿನ ಬೋರ್ಡು ಬದಲಿ ಮಾಡಿದಾಕಿ ನಾನು. ಮಂದಿ ನಕ್ಕರ ನಗಲಿ. ಸ್ವಾಮಿಗೆ ಕೊಟ್ಟದ್ದನ್ನ ನಾ ಮುಟ್ಟಂಗಿಲ್ಲ.’

ಆಶಪ್ಪ ಅವಳ ಮುಖವನ್ನು ನೋಡಿದ. ಅವನಿಗೆ ಫೈಲು ಗೊತ್ತಿಲ್ಲ, ಗಂಟೂ ಗೊತ್ತಿಲ್ಲ. ಶಿವಗಂಗಾಳ ಸೊಕ್ಕು ಮಾತ್ರ ಈ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಅಂಥವಳು ತನ್ನ ತಪ್ಪನ್ನು ಊರೆಲ್ಲ ಹಂಚಲು ಒಪ್ಪಿ ಕೂತಿದ್ದಾಳೆಂದರೆ ಅದು ಸುಳ್ಳಲ್ಲ ಎಂದು ಅವನಿಗೆ ಅನಿಸಿರಬೇಕು. ಟವಲಿನ ಮಡಿಕೆಯಿಂದ ಒಂದು ಚಿಟಿಕೆ ಭಂಡಾರ ತೆಗೆದು ಅವಳ ಹಣೆಯ ವಿಭೂತಿಯ ಕೆಳಗೆ ಹಚ್ಚಿದ.

‘ಅದಽ ಪತ್ರಿಕಿ ಇದು. ಛಾಪಿಸವಾ’ ಅಂದ.

ಪ್ರಿಂಟರು ಒಮ್ಮೆಯೂ ತಕರಾರು ಮಾಡದೆ ಅಷ್ಟೂ ಕಾರ್ಡು ಹಾಕಿಕೊಟ್ಟಿತು. ಮಾಳಿಂಗಪ್ಪ ಕಟ್ಟುಗಳನ್ನು ಚೀಲಕ್ಕೆ ತುಂಬುತ್ತ, ಒಂದನ್ನು ಮಗಳ ಕೈಗೆ ಕೊಟ್ಟು, ‘ಸುಖಾಗಮನ ಬಯಸುವವರು’ ಎಂಬ ಕಡೆ ಯಾರ್‍ಯಾರ ಹೆಸರಿದೆ ಓದು ಎಂದ. ಅಖಿಲಾ ಓದಿದಳು. ಅಣ್ಣತಮ್ಮಂದಿರು, ಸೋದರಮಾವಂದಿರು, ಅಳಿಯಂದಿರು ಎಲ್ಲರೂ ಇದ್ದರು.

‘ಇದರಾಗ ನಿನ್ನ ಹೆಸರು ಇರಬೇಕಿತ್ತು ತಾಯಿ’ ಅಂದ ಮಾಳಿಂಗಪ್ಪ. ‘ಹಾಕಸ್ತಿದ್ದೆ, ಖರೇವಂದ್ರ ಹಾಕಸ್ತಿದ್ದೆ. ಒಂದಕ್ಷರ ಹಾಕಂಗಿಲ್ಲಲ್ಲ, ಏನ್ ಮಾಡ್ಲಿ?’

‘ಹಾಕಬ್ಯಾಡ ಕಾಕಾ. ಹಾಕು ಅಂದ್ರೂ ನಾ ಹಾಕಂಗಿಲ್ಲ.’

‘ಹಂಗಂದ್ರ ನೀನಽ ಬಾ. ನಾಳೆ ಗದ್ವಾಲಿಗೆ ಬೀಗರಿಗೆ ಪತ್ರಿಕಿ ಕೊಡಾಕ ಹೊಂಟೀವಿ. ಹೆಸರು ಹಾಕಾಕ ಬರಲಿಲ್ಲಂದ್ರ ಮನುಷ್ಯಾಳನ್ನಽ ಕರಕೊಂಡು ಹೋಗ್ತೀನಿ.’

ಬೋರ್ಡಿನ ಸುಗ್ಗಿಯ ನಡುವೆ ಅಂಗಡಿ ಮುಚ್ಚಿ ಶಿವಗಂಗಾ ಅವರೊಂದಿಗೆ ಹೊರಟಳು. ಗದ್ವಾಲಿನಲ್ಲಿ ಕೋಟೆಯ ಹಿಂದಿನ ಓಣಿಯಲ್ಲಿ ಬೀಗ ವೆಂಕಟಯ್ಯನ ಮನೆ. ಬಾಲರಾಜನ ತಂದೆ, ಊರಲ್ಲಿ ಗಟ್ಟಿ ಕುಳ. ಪತ್ರಿಕೆ ಬಿಡಿಸಿ ತೆಲುಗು ಓದಿದ, ತಿರುಗಿಸಿ ಕನ್ನಡ ನೋಡಿದ, ಮತ್ತೆ ತಿರುಗಿಸಿದ. ಮನೆಯವರನ್ನೆಲ್ಲ ಕರೆದು ತೋರಿಸಿದ. ಬಳಿಕ ಮಾಳಿಂಗಪ್ಪನ ಕಡೆ ತಿರುಗಿ, ಇಷ್ಟು ಚೆನ್ನಾಗಿ ಎಲ್ಲಿ ಹೊಡೆಸಿದಿರಿ, ಹೈದರಾಬಾದೋ, ರಾಯಚೂರೋ ಎಂದು ತೆಲುಗಿನಲ್ಲಿ ಕೇಳಿದ.

ಮಾಳಿಂಗಪ್ಪ ಎದ್ದು, ಬಾಗಿಲ ಬಳಿ ಹೆಂಗಸರ ನಡುವೆ ನಿಂತಿದ್ದ ಶಿವಗಂಗಾಳನ್ನು ಭುಜ ಹಿಡಿದು ಪಡಸಾಲೆಯ ನಡುವಿಗೆ ಕರೆತಂದ.

‘ಮಕ್ತಲ್‌ನಾಗ’ ಅಂದ. ‘ಹೊಡೆದಾಕಿ ಈಕಿ. ನಮ್ಮ ಮನಿ ಮಗಳು.’

ವೆಂಕಟಯ್ಯ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಕುರ್ಚಿ ಬಿಟ್ಟು ಎದ್ದು ನಿಂತ. ಶಿವಗಂಗಾಳ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡಳು, ಆದರೆ ತಲೆ ತಗ್ಗಿಸಲಿಲ್ಲ.